ಅಣ್ಣಿಗೇರಿಯ ಕಡಲೆ



ಶ್ರೀಮಠದ ಮಹೋತ್ಸವದ ಈ ಮಂಗಲ ಕಾಲದಲ್ಲಿ ಶಿವತತ್ತ್ವವನ್ನೂ ಶರಣರ ಚರಿತ್ರೆಯನ್ನೂ ಕುರಿತು ವಿದ್ವಾಂಸರು ಆಡಿದ ಮಾತುಗಳು ಸದ್ಭಕ್ತರ ಕಿವಿಯಲ್ಲಿ ಇನ್ನೂ ನಿಂತಿರುವವು. ಅಂಥ ಗಂಭೀರ ವಿಷಯಗಳ ನಡುವೆ ಒಂದು ಕಾಳಿನ ಕಥೆಯನ್ನು ತರುವದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಯಾವ ಮಠದಲ್ಲಿ ದಾಸೋಹವು ನಡೆಯುವದೋ ಆ ಮಠದಲ್ಲಿ ಕಾಳಿನ ಮಾತು ಅಪ್ರಸ್ತುತವಾಗಲಾರದು. ಜಾತ್ರೆಯ ಪಂಕ್ತಿಯಲ್ಲಿ ಬಡಿಸುವ ಹೋಳಿಗೆಯ ಹೂರಣ, ರೊಟ್ಟಿಯ ಸಂಗಡ ಬರುವ ಜುಣಕ, ಮಕ್ಕಳ ಕೈಗೆ ಕೊಡುವ ಪುಟಾಣಿ, ಇವೆಲ್ಲವೂ ಕಡಲೆಯಿಂದಲೇ ಆದವು. ಈ ಕಾಳಿನಲ್ಲಿ ಸುಮಾರು ಐದನೆಯ ಒಂದು ಪಾಲು ಮೈಕಟ್ಟನ್ನು ಬೆಳೆಸುವ ಸಸಾರಜನಕ ಸತ್ವವಿರುವದು. ಮಾಂಸವನ್ನು ಮುಟ್ಟದ ಮನೆಗಳಲ್ಲಿ ಎಷ್ಟೋ ತಲೆಮಾರುಗಳ ಮಕ್ಕಳ ಎಲುಬು ನರಗಳು ಬಲಗೊಂಡದ್ದು ಇಂಥ ಬೇಳೆ ಕಾಳುಗಳ ಬಲದಿಂದಲೇ ಸರಿ.

ಈ ಕಡಲೆಯ ವಿಷಯದಲ್ಲಿ ಕಳೆದ ಹತ್ತು ಹದಿನೈದು ವರ್ಷಗಳೊಳಗೆ ವಿಜ್ಞಾನಿಗಳು ಕಂಡುಕೊಂಡ ಸಂಗತಿಗಳು ಬಹು ದೊಡ್ಡವು. ಅವುಗಳಲ್ಲಿ ಒಂದು ಸಂಗತಿಯಂತೂ ಈ ನಾಡಿನ ಹೆಸರನ್ನೇ ಹೊತ್ತು ದೇಶವನ್ನೆಲ್ಲ ಸಂಚರಿಸಿದೆ. ಆದಿಕವಿ ಪಂಪನ ಹೆಸರಿನೊಡನೆ ನೆನೆಯಲ್ಪಡುವ, ಅಮೃತೇಶ್ವರ ದೇವಾಲಯದಿಂದ ಪ್ರಸಿದ್ಧವಾದ, ಮೊದಲು ನವಲಗುಂದ ತಾಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲೂಕಾಗಿರುವ ಅಣ್ಣಿಗೇರಿಯನ್ನು ಪಂಡಿತರು ಬಲ್ಲರು. ಆದರೆ ಕಲಬುರ್ಗಿಯ, ಮಹಾರಾಷ್ಟ್ರದ, ಆಂಧ್ರದ ಒಕ್ಕಲಿಗನನ್ನು ಕೇಳಿದರೆ ಅವನು ಪಂಪನನ್ನು ಅರಿಯದೆ ಇರಬಹುದು. ಅಣ್ಣಿಗೇರಿಯೆಂದರೆ ಕಡಲೆಯ ಬೀಜವೆಂದು ತಟ್ಟನೆ ಹೇಳುವನು. ಆ ಬೀಜಕ್ಕೆ ಒದಗಿದ ಕಷ್ಟವೇನು, ಆ ಕಷ್ಟವು ಹೇಗೆ ಪರಿಹಾರವಾಯಿತು, ಆ ಪರಿಹಾರದ ಋಣವು ಯಾರಿಗೆ ಸಲ್ಲತಕ್ಕದ್ದು ಎಂಬದೇ ಈ ಉಪನ್ಯಾಸದ ವಿಷಯವು.

ಮೊದಲು ನೆಲದ ಗುಣವನ್ನು ನೋಡತಕ್ಕದ್ದು. ಧಾರವಾಡ ಜಿಲ್ಲೆಯ ಭೂಮಿಯು ಪಡುವಲಿಂದ ಮೂಡಲಿಗೆ ಹೋದಂತೆ ತನ್ನ ಸ್ವರೂಪವನ್ನು ಬದಲಿಸುತ್ತದೆ. ಕಲಘಟಗಿಯ ಕಡೆಗೆ ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಬತ್ತದ ಗದ್ದೆಗಳು ಹೆಚ್ಚು. ಕುಂದಗೋಳದ ಎರೆಹೊಲಗಳಲ್ಲಿ ಹತ್ತಿ ಮೆಣಸಿನಕಾಯಿಗಳು ಒಪ್ಪುವವು. ನವಲಗುಂದ ಅಣ್ಣಿಗೇರಿಗಳಿಗೆ ಬಂದರೆ ಕಣ್ಣು ಹರಿಯುವಷ್ಟು ದೂರ ಬಟಾಬಯಲು, ಕಪ್ಪು ನೆಲ. ಈ ಎರೆಮಣ್ಣಿನ ಅತಿ ಸೂಕ್ಷ್ಮವಾದ ಕಣಗಳು ಹಾಳೆಯ ಮೇಲೆ ಹಾಳೆಯಿಟ್ಟಂತೆ ರಚಿತವಾಗಿರುವವು. ಆ ಹಾಳೆಗಳ ಸಂದಿಯಲ್ಲಿ ನೀರು ಹೊಕ್ಕರೆ ಮಣ್ಣು ಹಿಗ್ಗುವದು. ನೀರು ಆರಿದರೆ ಕುಗ್ಗಿ ಬಿರಿಯುವದು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಅಗಲವಾದ ಬಿರುಕುಗಳು ಬೀಳುವದಕ್ಕೆ ಇದೇ ಕಾರಣವು. ಇಂಥ ನೆಲವು ಮಳೆಗಾಲದಲ್ಲಿ ಕುಡಿದ ನೀರನ್ನು ಬಹಳ ದಿನ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುವದು.

ಆ ಉಳಿದ ಹಸಿಯ ಮೇಲೆಯೇ ಕಡಲೆಯ ಬಾಳು. ಮುಂಗಾರಿ ಹೋಗಿ ಹಿಂಗಾರಿಯ ಮಳೆಗಳು ಸುರಿದು ತೆರಪು ಕೊಟ್ಟ ಮೇಲೆ ಒಕ್ಕಲಿಗನು ಕಡಲೆಯನ್ನು ಬಿತ್ತುವನು. ಬಳಿಕ ಒಂದು ಹನಿ ಮಳೆ ಬಾರದಿದ್ದರೂ ಅದು ತನ್ನ ತಾಯಿಬೇರನ್ನು ಕೆಳಕ್ಕಿಳಿಸಿ, ನೆಲದ ಒಳಗಿನ ತೇವವನ್ನು ಹೀರಿ, ಮೂರು ಮೂರುವರೆ ತಿಂಗಳುಗಳಲ್ಲಿ ಕಾಯಿಕಟ್ಟಿ ಮಾಗುವದು. ಬೇರೆ ಪೈರುಗಳು ಉಂಡು ಬಿಟ್ಟ ನೀರಿನಲ್ಲಿಯೇ ತೃಪ್ತಿಹೊಂದಿ ಬಾಳುವ ಈ ಗಿಡದ ಮೊದಲನೆಯ ಗುಣವು ಮಿತವ್ಯಯವೆಂದು ಹೇಳಬಹುದು.

ಎರಡನೆಯ ಗುಣವು ಆತ್ಮರಕ್ಷಣೆ. ಕಡಲೆಯ ಹೊಲದಲ್ಲಿ ಬರಿಗಾಲಿನಿಂದ ನಡೆದವರಿಗೆ ಅದರ ಹುಳಿಯ ಅನುಭವವಿದ್ದೇ ಇರುವದು. ಎಲೆ, ಕಾಂಡ, ಕಾಯಿಗಳ ಮೇಲೆಲ್ಲ ಸಣ್ಣ ರೋಮಗಳಿದ್ದು ಅವುಗಳ ತುದಿಯಿಂದ ಹುಳಿರಸವು ಒಸರುತ್ತಿರುವದು. ಚಳಿಗಾಲದ ರಾತ್ರಿಯಲ್ಲಿ ತೆಳುವಾದ ಬಿಳಿಯ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ನಸುಕಿನಲ್ಲಿ ಇಬ್ಬನಿಯಿಂದ ತೊಯ್ದ ಆ ಬಟ್ಟೆಯನ್ನು ಹಿಂಡಿ, ಕಡಲೆಹುಳಿಯನ್ನು ಸಂಗ್ರಹಿಸುವ ಪದ್ಧತಿಯು ಈ ನಾಡಿನ ಹಳೆಯ ಮನೆತನಗಳಲ್ಲಿತ್ತು. ಅಜೀರ್ಣಕ್ಕೂ ಹೊಟ್ಟೆನೋವಿಗೂ ಅಜ್ಜಿಯರು ಅದನ್ನು ಕೊಡುತ್ತಿದ್ದರು. ರಸಾಯನಶಾಸ್ತ್ರಜ್ಞರು ಈ ಹುಳಿಯನ್ನು ಪರೀಕ್ಷಿಸಿ ಅದರಲ್ಲಿ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲಗಳು ಮುಖ್ಯವಾದವುಗಳೆಂದು ಕಂಡರು. ಕಾಯಿಯನ್ನು ಕೊರೆಯುವ ಹಸಿರು ಹುಳವು ಆಕ್ಸಾಲಿಕ್ ಆಮ್ಲವು ಹೆಚ್ಚಾಗಿರುವ ಗಿಡವನ್ನು ತಿಂದರೆ ಸರಿಯಾಗಿ ಬೆಳೆಯಲಾರದೆಂಬದೂ ಪ್ರಯೋಗಗಳಿಂದ ತಿಳಿದುಬಂತು. ಅಜ್ಜಿಯರು ಔಷಧವೆಂದು ಹಿಂಡಿದ್ದು ಗಿಡವು ಹಿಡಿದ ಕವಚವೇ ಆಗಿತ್ತು!

ಮೂರನೆಯ ಗುಣವು ಎಲ್ಲಕ್ಕಿಂತ ದೊಡ್ಡದು. ಅದು ನೆಲದೊಳಗೆ ಅಡಗಿರುವದರಿಂದ ಕಣ್ಣಿಗೆ ಬೀಳುವದಿಲ್ಲ. ಹೂ ಬಿಡುವ ಸಮಯದಲ್ಲಿ ಒಂದು ಕಡಲೆಯ ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಅಗೆದು ತೆಗೆದು, ಬೇರನ್ನು ನೀರಿನಲ್ಲಿ ತೊಳೆದು ನೋಡಿದರೆ ಅದರ ಮೇಲೆ ಸಣ್ಣ ಸಣ್ಣ ಗಂಟುಗಳು ಕಾಣುವವು. ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ! ಮನುಷ್ಯನ ನೆತ್ತರಿಗೆ ಕೆಂಪನ್ನು ಕೊಡುವ ದ್ರವ್ಯದ ಬಂಧುವೇ ಆದ ಲೆಗ್‌ಹಿಮೊಗ್ಲೋಬಿನ್ ಎಂಬ ದ್ರವ್ಯವು ಆ ಗಂಟಿನೊಳಗಿರುವದು. ಒಂದೊಂದು ಗಂಟೂ ಲಕ್ಷಾಂತರ ಅಣುಜೀವಿಗಳ ಮನೆಯು. ಗಿಡವು ಬಿಸಿಲಿನಿಂದ ಮಾಡಿದ ಸಕ್ಕರೆಯನ್ನು ಅವುಗಳಿಗೆ ಉಣಿಸುವದು; ಅವು ಗಾಳಿಯೊಳಗಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರವಾಗುವಂತೆ ಮಾರ್ಪಡಿಸಿ ಕೊಡುವವು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಯಾವ ಗಿಡವೂ ಅದನ್ನು ತಾನಾಗಿ ತಿನ್ನಲಾರದು. ಸಮುದ್ರದ ನಡುವೆ ಬಾಯಾರಿದವನ ಸ್ಥಿತಿ ಅದರದು. ದ್ವಿದಳ ಧಾನ್ಯಗಳ ಗಿಡಗಳಾದರೋ ಈ ಅಣುಜೀವಿಗಳ ಸಹವಾಸದಿಂದ ಆ ಬಾಯಾರಿಕೆಯನ್ನು ಕಳೆದುಕೊಂಡಿವೆ.

ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬವರು ಈ ರಹಸ್ಯವನ್ನು 1886ರಿಂದ 1888ರ ವರೆಗೆ ಲೋಕಕ್ಕೆ ತಿಳಿಸಿದರು. 1888ರಲ್ಲಿ ಹಾಲಂಡಿನ ಬೈಜೆರಿಂಕ್ ಎಂಬವನು ಆ ಅಣುಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಬಳಿಕ 1909ರಲ್ಲಿ ಫ್ರಿಟ್ಸ್ ಹೇಬರನು ಯಂತ್ರದ ಮೂಲಕ ಗಾಳಿಯ ಸಾರಜನಕವನ್ನು ಹಿಡಿಯುವ ಉಪಾಯವನ್ನು ಕಂಡುಹಿಡಿದನು. 1913ರಲ್ಲಿ ಅದರ ಕಾರಖಾನೆಯು ಜರ್ಮನಿಯಲ್ಲಿ ಪ್ರಾರಂಭವಾಯಿತು. ಇಂದಿನ ಯೂರಿಯಾ ಗೊಬ್ಬರವು ಆ ಉಪಾಯದ ಸಂತಾನವೇ. ಆದರೆ ಆ ಕಾರಖಾನೆಗೆ 400 ಅಂಶಕ್ಕೂ ಮೀರಿದ ಉಷ್ಣವೂ ಗಾಳಿಯ ಸಹಜವಾದ ಒತ್ತಡಕ್ಕಿಂತ ನೂರಾರು ಪಾಲು ಹೆಚ್ಚಿನ ಒತ್ತಡವೂ ಬೇಕು. ಕಡಲೆಯ ಬೇರಾದರೋ ಅದೇ ಕೆಲಸವನ್ನು ಎರೆಹೊಲದ ತಣ್ಣನೆಯ ಮಣ್ಣಿನಲ್ಲಿ, ಸದ್ದಿಲ್ಲದೆ, ಹೊಗೆಯಿಲ್ಲದೆ ಮಾಡುತ್ತಿರುವದು.

ಈ ಸಹಜೀವನದ ವಿಷಯದಲ್ಲಿ 2024ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಪ್ರಕಟವಾದ ಒಂದು ವಾರ್ತೆಯು ವಿದ್ವಲ್ಲೋಕವನ್ನು ಬೆರಗುಗೊಳಿಸಿತು. ಸಮುದ್ರದಲ್ಲಿ ವಾಸಿಸುವ ಒಂದು ಏಕಕೋಶ ಪಾಚಿಯೊಳಗೆ ಸಾರಜನಕವನ್ನು ಹಿಡಿಯುವ ಒಂದು ಅಣುಜೀವಿಯು ಸುಮಾರು 10 ಕೋಟಿ ವರ್ಷಗಳಿಂದ ನೆಲಸಿ, ಈಗ ಅತಿಥಿಯೆಂಬ ಹೆಸರನ್ನು ಕಳೆದುಕೊಂಡು ಆ ಕೋಶದ ಒಂದು ಅವಯವವೇ ಆಗಿಬಿಟ್ಟಿದೆಯೆಂಬದು ಗೊತ್ತಾಯಿತು. ಅದಕ್ಕೆ ನೈಟ್ರೋಪ್ಲಾಸ್ಟ್ ಎಂದು ಹೆಸರಿಟ್ಟರು. ಜಪಾನಿನ ಕ್ಯೋಕೊ ಹಗಿನೊ ಎಂಬ ವಿದುಷಿಯು ಆ ಪಾಚಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಬಗೆಯನ್ನು ಕಂಡುಕೊಳ್ಳುವದಕ್ಕಾಗಿಯೇ ಹತ್ತು ವರ್ಷಗಳಿಗೂ ಮೀರಿ ಶ್ರಮಿಸಿದಳು. ಕಾಯಕವೆಂಬ ಮಾತಿಗೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಾಗಿಲ್ಲ. ಕಡಲೆಯಲ್ಲಾದರೋ ಈ ಸಂಬಂಧವು ಅಷ್ಟು ದೂರ ಹೋಗಿಲ್ಲ. ಇಲ್ಲಿ ಅಣುಜೀವಿಗಳು ಮಣ್ಣಿನಲ್ಲಿಯೇ ಇದ್ದು, ಪ್ರತಿ ವರ್ಷವೂ ಪ್ರತಿಯೊಂದು ಬೀಜವೂ ಅವುಗಳನ್ನು ಹೊಸದಾಗಿ ಕರೆದು ಮನೆಯೊಳಗೆ ಇಟ್ಟುಕೊಳ್ಳಬೇಕು. ಆದುದರಿಂದ ಮಣ್ಣಿನ ಜೀವವು ಸತ್ತರೆ ಬೀಜದ ಭಾಗ್ಯವೂ ಕುಂದುವದು.

ಹೀಗೆ ಮಿತವಾಗಿ ಕುಡಿದು, ತನ್ನನ್ನು ತಾನು ಕಾಯ್ದುಕೊಂಡು, ತನ್ನ ಗೊಬ್ಬರವನ್ನು ತಾನೇ ಸಂಪಾದಿಸಿ, ತಾನು ಹೋದ ಮೇಲೆಯೂ ಬೇರಿನ ಮೂಲಕ ಹೊಲಕ್ಕೆ ಒಂದಿಷ್ಟು ಸಾರವನ್ನು ಬಿಟ್ಟುಹೋಗುವ ಈ ಗಿಡವನ್ನು ಈ ನಾಡಿನ ಒಕ್ಕಲಿಗರು ಬಹು ಕಾಲದಿಂದ ಬೆಳೆಯುತ್ತ ಬಂದರು. ಕಣದಲ್ಲಿ ರಾಶಿಯಾದ ಮೇಲೆ ಗಟ್ಟಿಯಾದ, ತುಂಬಿದ ಕಾಳುಗಳನ್ನು ಆರಿಸಿ, ಬೂದಿಯನ್ನೋ ಬೇವಿನೆಲೆಯನ್ನೋ ಬೆರಸಿ, ಹಗೇವಿನಲ್ಲಿಯೂ ಗಡಿಗೆಯಲ್ಲಿಯೂ ಮುಂದಿನ ವರ್ಷಕ್ಕೆಂದು ತಾಯಂದಿರು ಇಟ್ಟರು. ಎಳ್ಳಮಾಸಿಯ ದಿನ ಹೊಲಕ್ಕೆ ಚರಗ ಚೆಲ್ಲಿ ಬೇಡಿಕೊಂಡದ್ದೂ ಆ ಬೀಜವು ಕೆಡದಿರಲೆಂದೇ. ವರ್ಷ ವರ್ಷವೂ ಹೀಗೆ ಆರಿಸುತ್ತ ಹೋದಂತೆ ಈ ನೆಲಕ್ಕೂ ಈ ಬಿಸಿಲಿಗೂ ಒಪ್ಪುವ ಕಡಲೆಯೊಂದು ರೂಪುಗೊಂಡಿತು. 1970ರ ದಶಕದಲ್ಲಿ ಕೃಷಿ ವಿಜ್ಞಾನಿಗಳು ಅಣ್ಣಿಗೇರಿಯ ಸೀಮೆಯ ಈ ನಾಟಿ ಕಡಲೆಯೊಳಗಿಂದಲೇ ಉತ್ತಮವಾದುದನ್ನು ಆರಿಸಿ ‘ಅಣ್ಣಿಗೇರಿ–1’ ಎಂಬ ಹೆಸರಿನಿಂದ ಒಕ್ಕಲಿಗರಿಗೆ ಕೊಟ್ಟರು. ತಳಿಗೆ ಹೆಸರು ಬಂತು, ಊರಿಗೆ ಕೀರ್ತಿ ಬಂತು; ಅದನ್ನು ಆರಿಸಿ ಕಾಯ್ದ ಸಾವಿರಾರು ಕೈಗಳ ಹೆಸರು ಮಾತ್ರ ಯಾವ ಕಾಗದದಲ್ಲಿಯೂ ಇಲ್ಲ.

ನಾಲ್ಕು ದಶಕಗಳ ಕಾಲ ಅಣ್ಣಿಗೇರಿ–1 ಕರ್ನಾಟಕದ ಎರೆಭೂಮಿಯಲ್ಲಿ ರಾಜನಂತೆ ಮೆರೆಯಿತು. ಆದರೆ ಒಂದೇ ತಳಿಯು ಲಕ್ಷಾಂತರ ಎಕರೆಗಳನ್ನು ತುಂಬಿದಾಗ ಅದರ ಒಂದು ದೋಷವೂ ಲಕ್ಷಾಂತರ ಎಕರೆಗಳ ದೋಷವಾಗುವದು. ಆ ದೋಷವೇ ಸಿಡಿ ರೋಗ ಅಥವಾ ಸೊರಗು ರೋಗ. ನಿನ್ನೆ ಹಸಿರಾಗಿದ್ದ ಗಿಡವು ಇಂದು ಬಾಡಿ ತಲೆಬಾಗುವದು. ನಾಲ್ಕು ದಿನಗಳಲ್ಲಿ ಒಣಗಿ ನಿಲ್ಲುವದು. ಹುಳವಿಲ್ಲ, ಕಲೆಯಿಲ್ಲ, ನೆಲದಲ್ಲಿ ಹಸಿಯೂ ಇದ್ದೇ ಇದೆ. ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿದರೆ ಮಾತ್ರ ನಡುವೆ ಕಂದು ಕಪ್ಪಾದ ಗೆರೆಯು ಕಾಣುವದು. ಫ್ಯುಸೇರಿಯಮ್ ಎಂಬ ಶಿಲೀಂಧ್ರವು ಮಣ್ಣಿನಿಂದ ಬೇರನ್ನು ಹೊಕ್ಕು, ನೀರನ್ನು ಮೇಲಕ್ಕೆ ಒಯ್ಯುವ ನಾಳಗಳಲ್ಲಿ ಬೆಳೆದು ಅವುಗಳನ್ನು ಮುಚ್ಚಿಬಿಡುವದರಿಂದ ನೀರಿರುವ ನೆಲದಲ್ಲಿಯೇ ಗಿಡವು ನೀರಿಲ್ಲದೆ ಸಾಯುವದು. ಭಾರತದಲ್ಲಿ ಈ ರೋಗವನ್ನು 1918ರಷ್ಟು ಹಿಂದೆಯೇ ಬಟ್ಲರನೆಂಬ ಸಸ್ಯರೋಗ ಪಂಡಿತನು ವರ್ಣಿಸಿದ್ದನು. ಈ ಶಿಲೀಂಧ್ರವು ಕಡಲೆಯ ಗಿಡವಿಲ್ಲದಿದ್ದರೂ ಮಣ್ಣಿನಲ್ಲಿ ಆರು ವರ್ಷಗಳ ವರೆಗೆ ಬದುಕಿರಬಲ್ಲದು. ಬೀಜದೊಡನೆ ಒಂದು ಊರಿನಿಂದ ಇನ್ನೊಂದು ಊರಿಗೂ ಹೋಗಬಲ್ಲದು. ಸಾಲ ಮಾಡಿ ಬಿತ್ತಿದ ಒಕ್ಕಲಿಗನು ಹೂ ಬಿಟ್ಟ ಹೊಲವು ಕಣ್ಣೆದುರಿಗೆ ಸಿಡಿಯುವದನ್ನು ಕಂಡಾಗ ಅವನ ಮನೆಯಲ್ಲಿ ಏನಾಗುವದೆಂಬದನ್ನು ಈ ಸಭೆಯಲ್ಲಿ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟೊಂದು ಗುಣವುಳ್ಳ ಬೀಜವು ಈ ರೋಗವನ್ನೇಕೆ ಎದುರಿಸಲಾರದಾಯಿತು? ಕಡಲೆಯ ಹೂವು ಅರಳುವದಕ್ಕೆ ಮೊದಲೇ ತನ್ನ ಪರಾಗದಿಂದ ತಾನೇ ಫಲಿಸುವದು. ಜೋಳದಂತೆ ಸಜ್ಜೆಯಂತೆ ಗಾಳಿಯ ಮೂಲಕ ನೆರೆಹೊಲದ ಗುಣವನ್ನು ಸುಲಭವಾಗಿ ಪಡೆಯುವ ಸ್ವಭಾವವು ಅದಕ್ಕಿಲ್ಲ. ಹೀಗಾಗಿ ಅದರ ಒಳ್ಳೆಯ ಗುಣಗಳು ಚದರದೆ ತಲೆಮಾರಿನಿಂದ ತಲೆಮಾರಿಗೆ ಉಳಿಯುವವು. ಆದರೆ ಇಲ್ಲದ ಗುಣವು ಹೊರಗಿನಿಂದ ಬರುವ ದಾರಿಯೂ ಮುಚ್ಚಿಯೇ ಇರುವದು. ತನ್ನ ಮನೆಯ ಬಾಗಿಲನ್ನು ತಾನೇ ಹಾಕಿಕೊಂಡ ಗೃಹಸ್ಥನಿಗೆ ಕಳ್ಳರ ಭಯ ತಪ್ಪಿದರೂ ನೆರೆಯವರ ಸಹಾಯವೂ ತಪ್ಪುವದಷ್ಟೆ.

ಆ ಬಾಗಿಲನ್ನು ತೆರೆಯುವ ಕೀಲಿಕೈಯು 2013ರಲ್ಲಿ ದೊರೆಯಿತು. ಪ್ರತಿಯೊಂದು ಜೀವಿಯ ಕೋಶದಲ್ಲಿಯೂ ಅದರ ಗುಣಗಳನ್ನೆಲ್ಲ ಬರೆದಿಟ್ಟ ಒಂದು ಗ್ರಂಥವಿರುವದು. ಆ ಗ್ರಂಥಕ್ಕೆ ನಾಲ್ಕೇ ಅಕ್ಷರಗಳು. ಆದರೆ ಅವುಗಳ ಸರಮಾಲೆಯು ಬಹು ಉದ್ದವಾದದ್ದು. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ರಾಜೀವ ವಾರ್ಷ್ಣೇಯ ಅವರೂ ಅನೇಕ ದೇಶಗಳ ಅವರ ಸಹೋದ್ಯೋಗಿಗಳೂ ಕೂಡಿ ಕಡಲೆಯ ಈ ಗ್ರಂಥವನ್ನು ಓದಿ ಪ್ರಕಟಿಸಿದರು. ಅದರಲ್ಲಿ ಸುಮಾರು 74 ಕೋಟಿ ಅಕ್ಷರಗಳೂ 28,000ಕ್ಕೂ ಹೆಚ್ಚು ಗುಣಸೂತ್ರಗಳೂ, ಅಂದರೆ ವಿಜ್ಞಾನಿಗಳು ಜೀನ್ ಎಂದು ಕರೆಯುವ ಆದೇಶವಾಕ್ಯಗಳೂ, ಇವೆಯೆಂದು ತಿಳಿಯಿತು. ಮನುಷ್ಯನಲ್ಲಿ ಇಂಥ ವಾಕ್ಯಗಳು ಸುಮಾರು 20,000 ಮಾತ್ರ. ಸೃಷ್ಟಿಯಲ್ಲಿ ತಾನೇ ಹಿರಿಯನೆಂದು ಬೀಗುವ ಮಾನವನು ಒಂದು ಕಡಲೆಯ ಕಾಳಿನ ಮುಂದೆ ಕೊಂಚ ತಲೆಬಾಗುವದು ಒಳ್ಳೆಯದು.

ಈ ಗ್ರಂಥವನ್ನು ಓದಲು ಬಂದದ್ದರಿಂದ ಆದ ಪ್ರಯೋಜನವೇನು? ಸಿಡಿ ರೋಗವನ್ನು ತಡೆಯುವ ಗುಣವು ‘ಡಬ್ಲ್ಯು.ಆರ್.–315’ ಎಂಬ ಇನ್ನೊಂದು ಕಡಲೆಯಲ್ಲಿರುವದೆಂದು ಮೊದಲೇ ಗೊತ್ತಿತ್ತು. ಆದರೆ ಅದಕ್ಕೆ ಅಣ್ಣಿಗೇರಿಯ ಪ್ರಸಿದ್ಧಿಯಿರಲಿಲ್ಲ. ಇವೆರಡನ್ನೂ ಕೂಡಿಸಿದರೆ ಹುಟ್ಟುವ ಸಸಿಯಲ್ಲಿ ಅರ್ಧ ಅಣ್ಣಿಗೇರಿ, ಅರ್ಧ ಇನ್ನೊಂದು. ಆ ಸಸಿಯನ್ನು ಮತ್ತೆ ಅಣ್ಣಿಗೇರಿಯೊಡನೆ ಕೂಡಿಸಿದರೆ ಹೊರಗಿನ ಪಾಲು ನಾಲ್ಕನೆಯ ಒಂದಕ್ಕೆ ಇಳಿಯುವದು; ಮತ್ತೊಮ್ಮೆ ಕೂಡಿಸಿದರೆ ಎಂಟನೆಯ ಒಂದಕ್ಕೆ; ಇನ್ನೊಮ್ಮೆ ಕೂಡಿಸಿದರೆ ಹದಿನಾರನೆಯ ಒಂದಕ್ಕೆ. ಹೀಗೆ ಮಾಡುವಾಗ ಬೇಕಾದ ಆ ಒಂದು ಗುಣವೇ ಕಳೆದುಹೋಗುವ ಭಯವುಂಟಷ್ಟೆ. ಮೊದಲಾದರೆ ಪ್ರತಿ ಸಲವೂ ಗಿಡಗಳನ್ನು ರೋಗವಿರುವ ಮಣ್ಣಿನಲ್ಲಿ ಬೆಳೆಸಿ, ಸತ್ತದ್ದು ಯಾವುದು ಉಳಿದದ್ದು ಯಾವುದು ಎಂದು ಕಾದು ನೋಡಬೇಕಾಗುತ್ತಿತ್ತು. ಈಗ ಎಳೆಯ ಸಸಿಯ ಒಂದು ಎಲೆಯ ಚೂರನ್ನು ಪರೀಕ್ಷಿಸಿ, ರೋಗನಿರೋಧದ ವಾಕ್ಯದ ಪಕ್ಕದಲ್ಲಿರುವ ಗುರುತಿನ ಅಕ್ಷರಗಳು ಅದರಲ್ಲಿವೆಯೋ ಇಲ್ಲವೋ ಎಂಬದನ್ನು ಅಲ್ಪ ಕಾಲದಲ್ಲಿಯೇ ತಿಳಿಯಬಹುದು. ಇದ್ದುದನ್ನು ಉಳಿಸಿಕೊಂಡು ಇಲ್ಲದುದನ್ನು ಬಿಡುವದು.

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ಇಕ್ರಿಸ್ಯಾಟ್ ಸಂಸ್ಥೆಯೂ ಕೂಡಿ ಈ ಮಾರ್ಗದಿಂದ ಸಿದ್ಧಪಡಿಸಿದ ‘ಸೂಪರ್ ಅಣ್ಣಿಗೇರಿ–1’ ಎಂಬ ತಳಿಯು 2019ರಲ್ಲಿ ದೇಶಕ್ಕೆ ಅರ್ಪಿತವಾಯಿತು. ಕಾಳಿನ ರೂಪವೂ ಮಾಗುವ ಕಾಲವೂ ಬಹುಮಟ್ಟಿಗೆ ಹಳೆಯವೇ. ರೋಗವನ್ನು ತಡೆಯುವ ಶಕ್ತಿಯು ಮಾತ್ರ ಹೊಸದು. ಪರೀಕ್ಷೆಯ ಹೊಲಗಳಲ್ಲಿ ಇದರ ಇಳುವರಿಯು ಹಳೆಯ ಅಣ್ಣಿಗೇರಿಗಿಂತ ನೂರಕ್ಕೆ 7ರಷ್ಟು ಹೆಚ್ಚಾಗಿ ಕಂಡುಬಂತು.

ಇಲ್ಲಿ ಕೆಲವು ಸದ್ಭಕ್ತರ ಮನಸ್ಸಿನಲ್ಲಿ ಒಂದು ಶಂಕೆಯು ಏಳಬಹುದು: ಬೀಜದ ಒಳಗಿನ ಬರವಣಿಗೆಯನ್ನು ಮನುಷ್ಯನು ಮುಟ್ಟುವದು ಶಿವಸೃಷ್ಟಿಯಲ್ಲಿ ಕೈಹಾಕಿದಂತಲ್ಲವೆ? ಈ ಶಂಕೆಯನ್ನು ನಕ್ಕು ತಳ್ಳಿಬಿಡುವದು ಸರಿಯಲ್ಲ. ಬೇರೆ ಜಾತಿಯ ಜೀವಿಯಿಂದ ಗುಣವನ್ನು ತಂದು ಬೀಜದಲ್ಲಿ ಸೇರಿಸುವ ವಿಧಾನವೂ ಲೋಕದಲ್ಲಿ ಉಂಟು. ಅದರ ವಿಷಯದಲ್ಲಿ ಬಲವಾದ ವಾದ ಪ್ರತಿವಾದಗಳು ನಡೆದಿವೆ. ಆದರೆ ಅಣ್ಣಿಗೇರಿಯ ಕಡಲೆಯಲ್ಲಿ ಆದದ್ದು ಅದಲ್ಲ. ಇಲ್ಲಿ ಕಡಲೆಯ ಗುಣವು ಕಡಲೆಗೇ ಬಂದಿದೆ. ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯುವ ಹಳೆಯ ಕೆಲಸವನ್ನೇ ಮನುಷ್ಯನು ತನ್ನ ಕೈಯಿಂದ ಮಾಡಿದ್ದಾನೆ. ಹೊಸದಾದದ್ದು ಆರಿಸುವ ಕಣ್ಣು ಮಾತ್ರ. ಕಣದಲ್ಲಿ ಕುಳಿತು ಮೊರದಲ್ಲಿ ಕಾಳನ್ನು ಆರಿಸಿದ ತಾಯಿಯೂ ಪ್ರಯೋಗಶಾಲೆಯಲ್ಲಿ ಎಲೆಯ ಚೂರನ್ನು ಪರೀಕ್ಷಿಸಿದ ವಿದ್ಯಾವಂತಳೂ ಒಂದೇ ಕಾಯಕದ ಎರಡು ತುದಿಗಳಲ್ಲಿ ನಿಂತಿರುವರು. ಒಬ್ಬಳಿಲ್ಲದಿದ್ದರೆ ಇನ್ನೊಬ್ಬಳ ಕೆಲಸವು ಸಾಗುತ್ತಿರಲಿಲ್ಲ.

ಋಣದ ಲೆಕ್ಕವು ಇಷ್ಟಕ್ಕೇ ಮುಗಿಯುವದಿಲ್ಲ. ಅಣ್ಣಿಗೇರಿಯ ಹೆಸರಾಂತ ಕಡಲೆಯನ್ನು ಉಳಿಸಿದ್ದು ಹೆಸರೂ ಇಲ್ಲದ, ಬರಿಯ ಅಂಕೆಯಿಂದ ಗುರುತಿಸಲ್ಪಡುವ ಇನ್ನೊಂದು ಕಡಲೆಯೆಂಬದನ್ನು ಮರೆಯಲಾಗದು. ಹೆಚ್ಚು ಇಳುವರಿಯಿಲ್ಲವೆಂದೋ ಪೇಟೆಯಲ್ಲಿ ಬೆಲೆಯಿಲ್ಲವೆಂದೋ ಅದನ್ನು ಎಲ್ಲರೂ ಎಸೆದುಬಿಟ್ಟಿದ್ದರೆ ಆ ಒಂದು ಗುಣವು ಭೂಮಿಯ ಮೇಲಿಂದ ಅಳಿದುಹೋಗಬಹುದಾಗಿತ್ತು. ಆಗ ಎಂಥ ಪ್ರಯೋಗಶಾಲೆಯೂ ಏನನ್ನೂ ಮಾಡಲಾರದಾಗುತ್ತಿತ್ತು. ಏಕೆಂದರೆ ವಿಜ್ಞಾನವು ಇರುವ ಗುಣವನ್ನು ಹುಡುಕಿ ತಂದೀತೇ ಹೊರತು ಅಳಿದ ಗುಣವನ್ನು ಕರೆದು ತರಲಾರದು. ಯಾವ ಬೀಜವೂ, ಅದು ಎಷ್ಟೇ ಶ್ರೇಷ್ಠವಾಗಿರಲಿ, ತನ್ನಷ್ಟಕ್ಕೆ ತಾನು ಪೂರ್ಣವಲ್ಲ. ಹಿರಿದಕ್ಕೆ ಕಿರಿದು ಆಸರೆಯಾಗುವ ಧರ್ಮವನ್ನು ಶರಣರು ಮಾನವ ಸಮಾಜದಲ್ಲಿ ಆಚರಿಸಿ ತೋರಿಸಿದರು. ಅದೇ ಧರ್ಮವು ಕಾಳಿನ ಕಣಜದಲ್ಲಿಯೂ ನಡೆಯುತ್ತಿರುವದನ್ನು ಈ ಕಾಲದ ಶೋಧವು ತೋರಿಸಿದೆ.

2021ರಲ್ಲಿ ಪ್ರಕಟವಾದ ಇನ್ನೊಂದು ಮಹಾಕಾರ್ಯವು ಈ ಮಾತಿಗೆ ಪುಷ್ಟಿಯನ್ನು ಕೊಡುವದು. ಆಗ 3,366 ಬಗೆಯ ಕಡಲೆಗಳ ಗ್ರಂಥಗಳನ್ನು ಓದಲಾಯಿತು. ಅವುಗಳಲ್ಲಿ 195 ಕಾಡುಕಡಲೆಗಳು. ಕಡಲೆಯ ತವರು ತುರ್ಕಸ್ಥಾನದ ಆಗ್ನೇಯ ಭಾಗದ ಬೆಟ್ಟದ ಸೀಮೆ. ಅಲ್ಲಿಯ ಕಾಡುಗಿಡವನ್ನು ಸುಮಾರು 10,000 ವರ್ಷಗಳ ಹಿಂದೆ ಮನುಷ್ಯನು ಹೊಲಕ್ಕೆ ತಂದನು. ಹಾಗೆ ತರುವಾಗ ಕಾಡಿನ ಗುಣಗಳಲ್ಲಿ ಬಹುಪಾಲು ಕಾಡಿನಲ್ಲಿಯೇ ಉಳಿದುಹೋದವು. ಕಡಲೆಯ ಸಂತಾನದ ವೈವಿಧ್ಯವು ಬರಬರುತ್ತ ಕುಗ್ಗಿ, ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಬಹು ಇಕ್ಕಟ್ಟಾಗಿ, ಕಳೆದ 400 ವರ್ಷಗಳಲ್ಲಿ ಮತ್ತೆ ಹಬ್ಬಿತೆಂಬದನ್ನು ಆ ಅಕ್ಷರಗಳೇ ಸಾರಿದವು. ಇಕ್ರಿಸ್ಯಾಟಿನ ಬೀಜಭಂಡಾರದಲ್ಲಿ 20,000ದಷ್ಟು ಕಡಲೆಯ ಮಾದರಿಗಳು ತಣ್ಣನೆಯ ಕೋಣೆಗಳಲ್ಲಿ ಇಡಲ್ಪಟ್ಟಿವೆ. ಉತ್ತರ ಧ್ರುವದ ಸಮೀಪದ ಸ್ವಾಲ್ಬಾರ್ಡ್ ದ್ವೀಪದ ಬೆಟ್ಟದೊಳಗೆ 2008ರಲ್ಲಿ ತೆರೆದ ಜಾಗತಿಕ ಬೀಜಕೋಶದಲ್ಲಿಯೂ ಈ ದೇಶದಿಂದ ಹೋದ ಬೀಜಗಳಿವೆ. ಆದರೆ ಕೋಣೆಯಲ್ಲಿ ಮಲಗಿದ ಬೀಜವು ಬದಲಾಗುವ ಮಳೆಯನ್ನೂ ಬಿಸಿಲನ್ನೂ ಕಾಣದು. ಹೊಲದಲ್ಲಿ ವರ್ಷ ವರ್ಷವೂ ಬಿತ್ತಲ್ಪಡುವ ಬೀಜವು ಮಾತ್ರ ಕಾಲದೊಡನೆ ಹೆಜ್ಜೆಹಾಕುವದು. ಮಳೆಗಾಲವು ತನ್ನ ಕ್ರಮವನ್ನು ಬಿಟ್ಟು ಒಮ್ಮೆ ಸುರಿದು ಒಮ್ಮೆ ಮರೆಯಾಗುವ ಈ ದಿನಗಳಲ್ಲಿ ಎರಡು ಬಗೆಯ ಭಂಡಾರಗಳೂ ಬೇಕು.

ಹೊಸ ತಳಿಯು ಬಂದಿತೆಂದು ನಿಶ್ಚಿಂತೆಯಾಗಿ ಕುಳ್ಳಿರುವದೂ ತರವಲ್ಲ. ಸಿಡಿ ರೋಗದ ಶಿಲೀಂಧ್ರದಲ್ಲಿ ಎಂಟು ಪ್ರಭೇದಗಳು ಗೊತ್ತಾಗಿವೆ. ಒಂದನ್ನು ತಡೆಯುವ ಗುಣವು ಇನ್ನೊಂದನ್ನು ತಡೆಯುವದೆಂಬ ನಿಯಮವಿಲ್ಲ. ಬೀಜವು ಬದಲಾದಂತೆ ವೈರಿಯೂ ಬದಲಾಗುವನು. ಆದಕಾರಣ ಒಕ್ಕಲಿಗನು ತನ್ನ ಹಳೆಯ ವಿವೇಕವನ್ನು ಬಿಡತಕ್ಕದ್ದಲ್ಲ. ಒಂದೇ ಹೊಲದಲ್ಲಿ ವರ್ಷ ವರ್ಷವೂ ಕಡಲೆಯನ್ನೇ ಬಿತ್ತದೆ ಜೋಳ ಗೋದಿ ಕುಸುಬೆಗಳೊಡನೆ ಸರತಿಯನ್ನು ಕಾಯ್ದುಕೊಳ್ಳಬೇಕು. ರೋಗ ಬಿದ್ದ ಹೊಲದ ಕಾಳನ್ನು ಬೀಜಕ್ಕೆ ಇಡಬಾರದು. ಕೆಟ್ಟ ಶಿಲೀಂಧ್ರವನ್ನು ಅಡಗಿಸುವ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರವನ್ನೂ, ಬೇರಿನ ಗಂಟುಗಳನ್ನು ಕಟ್ಟುವ ರೈಜೋಬಿಯಮ್ ಅಣುಜೀವಿಯನ್ನೂ ಬೀಜಕ್ಕೆ ಲೇಪಿಸಿ ಬಿತ್ತಬೇಕು. ಅಣ್ಣಿಗೇರಿಯಲ್ಲಿಯೇ ಕೃಷಿ ಸಂಶೋಧನ ಕೇಂದ್ರವಿರುವದು. 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ದೂರವಿಲ್ಲ. ಅಲ್ಲಿಗೆ ಹೋಗಿ ಕೇಳುವದಕ್ಕೆ ಸಂಕೋಚಪಡುವದು ಸಲ್ಲದು.

ಬೀಜವನ್ನು ಇಟ್ಟುಕೊಳ್ಳುವ ಹಕ್ಕು ಒಕ್ಕಲಿಗನಿಗೆ ಕಾಯದೆಯಿಂದಲೂ ದತ್ತವಾಗಿದೆ. 2001ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯದೆಯ ಪ್ರಕಾರ ರೈತನು ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವನೊಡನೆ ಬದಲಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಮುದ್ರೆಯೊತ್ತಿದ ಚೀಲದಲ್ಲಿ ತಳಿಯ ಹೆಸರಿಟ್ಟು ಮಾರುವದು ಮಾತ್ರ ಕೂಡದು. ಹಳೆಯ ತಳಿಗಳನ್ನು ಕಾಯ್ದುಕೊಂಡು ಬಂದ ರೈತರಿಗೂ ಊರುಗಳಿಗೂ ಮನ್ನಣೆಯನ್ನು ಕೊಡುವ ವ್ಯವಸ್ಥೆಯೂ ಆ ಕಾಯದೆಯಲ್ಲಿದೆ. ಆದರೆ ಹಕ್ಕು ಕಾಗದದ ಮೇಲಿದ್ದು ಗಡಿಗೆಯು ಬರಿದಾಗಿದ್ದರೆ ಫಲವೇನು? ಪೇಟೆಯ ಚೀಲವನ್ನೇ ಪ್ರತಿ ವರ್ಷವೂ ನಂಬಿದ ಮನೆಗಳಲ್ಲಿ ಬೀಜವನ್ನು ಆರಿಸಿ ಇಡುವ ವಿದ್ಯೆಯೇ ಮರೆಯಾಗುತ್ತಲಿದೆ. ಅಜ್ಜಿಯೊಡನೆ ಆ ವಿದ್ಯೆಯೂ ಹೋದರೆ ಅದನ್ನು ಯಾವ ಗ್ರಂಥದಿಂದಲೂ ಮರಳಿ ಪಡೆಯುವದು ಕಠಿನವು.

ಮಠಗಳು ಹಿಂದಿನಿಂದಲೂ ಈ ನಾಡಿನಲ್ಲಿ ಎರಡು ಭಂಡಾರಗಳನ್ನು ಕಾಯ್ದುಕೊಂಡು ಬಂದಿವೆ. ಒಂದು, ತಾಳೆಗರಿಯ ಕಟ್ಟುಗಳ ಭಂಡಾರ. ಇನ್ನೊಂದು, ದಾಸೋಹದ ಧಾನ್ಯದ ಭಂಡಾರ. ಮೊದಲನೆಯದು ಉಳಿದುದರಿಂದಲೇ ಶರಣರ ವಾಣಿಯು ಎಷ್ಟೋ ಶತಮಾನಗಳನ್ನು ದಾಟಿ ಇಂದಿನವರ ಕಿವಿಗೆ ಬಿದ್ದಿತು. ಮಂಕಾಗಿ ಹೋದ ಒಂದೊಂದು ಗರಿಯನ್ನೂ ಹುಡುಕಿ ತಂದು ಅಚ್ಚುಹಾಕಿಸಿದ ಮಹನೀಯರ ಉಪಕಾರವನ್ನು ಭಕ್ತರು ಇಂದಿಗೂ ಸ್ಮರಿಸುವರು. ಈಗ ಮೂರನೆಯದೊಂದು ಭಂಡಾರದ ಕಾಲವು ಬಂದಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಿಂದ ಜಾತ್ರೆಗೆ ಬರುವ ಪ್ರತಿಯೊಂದು ಮನೆತನವೂ ತನ್ನ ಹೊಲದ ಹಳೆಯ ಕಡಲೆಯನ್ನೋ ಜೋಳವನ್ನೋ ಮೆಣಸಿನಕಾಯಿಯನ್ನೋ ಬತ್ತವನ್ನೋ ಒಂದು ಬೊಗಸೆಯಷ್ಟು ತಂದು, ಯಾವ ಊರಿನದು, ಯಾವ ನೆಲದಲ್ಲಿ ಬಂದದ್ದು, ಯಾವ ಗುಣವುಳ್ಳದ್ದು ಎಂಬದನ್ನು ಬರೆಯಿಸಿ ಶ್ರೀಮಠಕ್ಕೆ ಒಪ್ಪಿಸಿದರೆ, ಮಠದ ಹೊಲದ ಒಂದು ಮೂಲೆಯಲ್ಲಿ ಅವುಗಳನ್ನು ಸರತಿಯಿಂದ ಬಿತ್ತಿ ಉಳಿಸಿದರೆ, ಬೇಡಿ ಬಂದವರಿಗೆ ಒಂದು ಹಿಡಿಯನ್ನು ಕೊಟ್ಟು ಬೆಳೆಯಾದ ಮೇಲೆ ಎರಡು ಹಿಡಿಯನ್ನು ಮರಳಿ ಪಡೆಯುವ ಪದ್ಧತಿಯನ್ನಿಟ್ಟರೆ, ಅದಕ್ಕಿಂತ ಚಿರಕಾಲ ಬಾಳುವ ಮಹೋತ್ಸವದ ಸ್ಮಾರಕವು ಬೇರೊಂದಿರಲಾರದು. ಕಲ್ಲಿನ ಕಟ್ಟಡವು ಹಳೆಯದಾದಂತೆ ಶಿಥಿಲವಾಗುವದು. ಬೀಜವಾದರೋ ಬಿತ್ತಿದಂತೆಲ್ಲ ಹೊಸದಾಗುವದು.

ಆ ಬೊಗಸೆಗಳಲ್ಲಿ ಯಾವುದರೊಳಗೆ ಯಾವ ಗುಣವು ಅಡಗಿದೆಯೋ ಇಂದು ಯಾರೂ ಅರಿಯರು. ಐವತ್ತು ವರ್ಷಗಳ ಮೇಲೆ ಯಾವುದೋ ಹೊಸ ರೋಗವು ಬಂದು, ಯಾವುದೋ ದೇಶದ ಹಸಿದ ಮಕ್ಕಳಿಗೆ ಬೇಕಾದ ಒಂದು ಗುಣವನ್ನು ವಿಜ್ಞಾನಿಗಳು ಹುಡುಕುತ್ತ ಹೊರಟಾಗ, ಅದು ಅಣ್ಣಿಗೇರಿ ಸೀಮೆಯ ಒಂದು ಗಡಿಗೆಯಲ್ಲಿ ದೊರೆಯಬಹುದು. ಅಂದು ದೊರೆಯಬೇಕಾದರೆ ಇಂದು ಇಡಬೇಕು. ಪಡೆದುದನ್ನು ಹಂಚಿ ಉಣ್ಣುವದು ದಾಸೋಹ. ಇನ್ನೂ ಹುಟ್ಟದವರಿಗಾಗಿ ಒಂದು ಹಿಡಿಯನ್ನು ಕಾಯ್ದಿಡುವದೂ ದಾಸೋಹವೇ. ಶ್ರೀಮಠದ ಸದ್ಭಕ್ತರು ಈ ಎರಡನೆಯ ದಾಸೋಹವನ್ನೂ ಕೈಕೊಳ್ಳುವಂತಾಗಲಿ. ಎರೆಭೂಮಿಯು ಹಸಿಯಾಗಿರಲಿ, ಬೇರಿನ ಗಂಟುಗಳು ಕೆಂಪಾಗಿರಲಿ, ಬೀಜದ ಗಡಿಗೆಯು ತುಂಬಿರಲಿ.